ಕಾಲಿಗೆ ಚಕ್ರ ಕಟ್ಟಿಕೊಂಡ ಮಕ್ಕಳು

ತುಂಟತನಕ್ಕೆ ನಮ್ಮ ಮನೆಗಳಲ್ಲಿ ಹೆಸರುಗಳಿಗೆ ಕೊರತೆಯಿಲ್ಲ. ಮೂರು ವರ್ಷದ ಮಗು ಅಡುಗೆಮನೆಯ ಪಾತ್ರೆಗಳನ್ನೆಲ್ಲ ಎಳೆದು ಚೆಲ್ಲಾಪಿಲ್ಲಿ ಮಾಡಿದರೆ ‘ತುಂಟ’ ಎಂದು ಎತ್ತಿ ಮುದ್ದಾಡುತ್ತೇವೆ. ಆರನೆಯ ವರ್ಷದಲ್ಲಿ ಅದೇ ಮಗು ಶಾಲೆಯ ಸಾಲಿನಿಂದ ತಪ್ಪಿಸಿಕೊಂಡು ಓಡಿದರೆ ‘ತರಲೆ’ ಎನ್ನುತ್ತೇವೆ. ಒಂಬತ್ತಕ್ಕೆ ಅದು ‘ಪೋಕರಿ’ಯಾಗುತ್ತದೆ. ಹನ್ನೆರಡು ತುಂಬುವ ಹೊತ್ತಿಗೆ ‘ಇವನು ಉದ್ಧಾರವಾಗುವವನಲ್ಲ’ ಎಂಬ ತೀರ್ಪು ಹೊರಬಿದ್ದಿರುತ್ತದೆ. ಇಷ್ಟು ವರ್ಷಗಳಲ್ಲಿ ಮಗುವಿನ ಸ್ವಭಾವ ಹೆಚ್ಚೇನೂ ಬದಲಾಗಿರುವುದಿಲ್ಲ. ಬದಲಾದದ್ದು ನಮ್ಮ ಮಾತು. ಮುದ್ದಿನಿಂದ ಆರಂಭವಾಗಿ ಶಾಪದಲ್ಲಿ ಮುಗಿಯುವ ಈ ಮಾತುಗಳ ನಡುವೆ ಬೆಳೆಯುವ ಕೆಲವು ಮಕ್ಕಳ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಅವರ ತಂದೆತಾಯಿಯರ ಬಗ್ಗೆ, ಈ ಪುಟಗಳಲ್ಲಿ ಕೆಲವು ವಿಚಾರಗಳನ್ನು ಹಂಚಿಕೊಳ್ಳಬೇಕೆನಿಸಿದೆ.

ಗುರುಗಳ ಬಳಿಗೆ ಜನರು ನಾನಾ ಕಾರಣಗಳಿಗಾಗಿ ಬರುತ್ತಾರೆ. ಅವುಗಳಲ್ಲಿ ಒಂದು, ಮಕ್ಕಳನ್ನು ವಸತಿ ಶಾಲೆಗೆ ಸೇರಿಸಲು ಶಿಫಾರಸು ಪತ್ರ ಬೇಕೆಂಬುದು. ಸುಮಾರು ಹತ್ತು ವರ್ಷಗಳ ಹಿಂದೆ ಶಿರಾ ತಾಲ್ಲೂಕಿನ ಬರಗೂರಿನ ಕಡೆಯ ಒಬ್ಬ ರೈತರು ಇದೇ ಕಾರಣಕ್ಕೆ ಪತ್ನಿಯೊಡನೆ ನನ್ನನ್ನು ಕಾಣಲು ಬಂದರು. ಕಡಲೆಕಾಯಿ, ರಾಗಿ ಬೆಳೆಯುವ, ಮಳೆಯನ್ನೂ ಕೊಳವೆಬಾವಿಯನ್ನೂ ನಂಬಿಕೊಂಡ ಸಂಸಾರ. ಅವರಿಗೆ ಒಬ್ಬ ಮಗಳು, ಅವಳ ಹಿಂದೆ ಒಬ್ಬ ಮಗ. ಮಗನಿಗೆ ಆಗ ಎಂಟು ವರ್ಷ, ಮೂರನೆಯ ತರಗತಿ. ಅವನನ್ನು ಎಷ್ಟು ದೂರವಾದರೂ ಸರಿ, ಶಿಸ್ತಿಗೆ ಹೆಸರಾದ ಹಾಸ್ಟೆಲಿಗೆ ಸೇರಿಸಿಬಿಡಬೇಕು ಎಂಬುದು ತಂದೆಯ ನಿರ್ಧಾರವಾಗಿತ್ತು. “ಮನೇಲಿ ಇಟ್ಕಂಡ್ರೆ ಒಂದಿನ ನಾನೇ ಅವನ್ನ ಏನಾದ್ರೂ ಮಾಡಿಬಿಡ್ತೀನಿ ಫಾದರ್” ಎಂದು ಅವರು ತಲೆತಗ್ಗಿಸಿ ಹೇಳಿದರು. ಆ ಮಾತಿನಲ್ಲಿ ಕೋಪಕ್ಕಿಂತ ಭಯವೇ ಹೆಚ್ಚಾಗಿತ್ತು.

ಆ ಭಯಕ್ಕೆ ಕಾರಣವಿತ್ತು. ಹಿಂದಿನ ವಾರ ಅವರು ಹೊಲದಲ್ಲಿ ಕೊಳವೆಬಾವಿಯ ಪೈಪನ್ನು ಜೋಡಿಸುತ್ತಿದ್ದಾಗ ಮಗ ಹೋಗಿ ಮೋಟಾರಿನ ಸ್ಟಾರ್ಟರ್ ಒತ್ತಿಬಿಟ್ಟಿದ್ದ. ನೀರಿನ ರಭಸಕ್ಕೆ ಪೈಪು ಸಿಡಿದು ತಂದೆಯ ಮಣಿಕಟ್ಟಿಗೆ ಬಡಿಯಿತು. ನೋವು, ಸಿಟ್ಟು ಎರಡೂ ಸೇರಿ ಅವರು ಮಗನಿಗೆ ಕೈಗೆ ಸಿಕ್ಕಿದ್ದರಿಂದ ಹೊಡೆದರು. ಹೊಡೆತದ ನಡುವೆ ಹುಡುಗ ಅಂದದ್ದನ್ನು ತಾಯಿ ನನಗೆ ಹೇಳಿದರು: “ಬೇಕಂತ ಮಾಡ್ಲಿಲ್ಲ ಅಪ್ಪ, ಕೈ ತಾನೇ ಹೋಯ್ತು.” ತಂದೆಗೆ ಅದು ಸುಳ್ಳಾಗಿ, ಉದ್ಧಟತನವಾಗಿ ಕೇಳಿಸಿತ್ತು. ತಾಯಿಗೆ ಮಾತ್ರ ಅದು ನಿಜವಿರಬಹುದೆಂಬ ಸಂಶಯ. ಏಕೆಂದರೆ ಆ ಮಗು ಊಟದ ತಟ್ಟೆಯ ಮುಂದೆ ಐದು ನಿಮಿಷ ಕುಳಿತದ್ದನ್ನು ಆಕೆ ಕಂಡಿರಲಿಲ್ಲ. ಚಪ್ಪಲಿ, ಪೆನ್ಸಿಲು, ಸ್ಲೇಟು, ಕೊನೆಗೆ ಶಾಲೆಯ ಚೀಲವನ್ನೇ ಅವನು ದಾರಿಯಲ್ಲಿ ಬಿಟ್ಟು ಬರುತ್ತಿದ್ದ. ಒಂದು ಪ್ರಶ್ನೆ ಕೇಳಿ ಮುಗಿಸುವ ಮೊದಲೇ ಉತ್ತರ ಕೂಗುತ್ತಿದ್ದ. ರಾತ್ರಿ ನಿದ್ದೆ ಹತ್ತುವವರೆಗೂ ಅವನ ಕಾಲುಗಳಿಗೆ ಬಿಡುವಿರಲಿಲ್ಲ. ಹಾಗೆಂದು ದಡ್ಡನಲ್ಲ, ಮೋಟಾರು ಹೇಗೆ ನೀರೆತ್ತುತ್ತದೆ ಎಂಬುದನ್ನು ಅವನು ಅಕ್ಕನಿಗೆ ಬಿಡಿಸಿ ಹೇಳಬಲ್ಲವನಾಗಿದ್ದ.

ಪತ್ರವನ್ನು ಆಮೇಲೆ ಕೊಡೋಣ, ಮೊದಲು ವೈದ್ಯರಿಗೆ ತೋರಿಸಿ ಎಂದು ನಾನು ಅವರಿಗೆ ಹೇಳಿದೆ. ಈ ಬಗೆಯ ಮಕ್ಕಳನ್ನು ಶಾಲೆಗಳಲ್ಲಿ, ಧರ್ಮೋಪದೇಶದ ತರಗತಿಗಳಲ್ಲಿ ನಾನು ಅದಕ್ಕೂ ಮುಂಚೆ ಕಂಡಿದ್ದೆ. ವೈದ್ಯಕೀಯದಲ್ಲಿ ಇದಕ್ಕೆ ಎ.ಡಿ.ಎಚ್.ಡಿ. ಎನ್ನುತ್ತಾರೆ; ಕನ್ನಡದಲ್ಲಿ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಎಂದು ಹೇಳಬಹುದು. ಹೆಸರು ಹೊಸದೆನಿಸಿದರೂ ಸಂಗತಿ ಹಳೆಯದು. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಜರ್ಮನಿಯ ಹೈನ್ರಿಖ್ ಹಾಫ್‌ಮನ್ ಎಂಬ ವೈದ್ಯರು ತಮ್ಮ ಮಗನಿಗಾಗಿ ರಚಿಸಿದ ಚಿತ್ರಪುಸ್ತಕದಲ್ಲಿ, ಊಟದ ಮೇಜಿನ ಬಳಿ ಸುಮ್ಮನೆ ಕೂರಲಾರದ ಫಿಲಿಪ್ ಎಂಬ ಹುಡುಗನನ್ನು ಚಿತ್ರಿಸಿದ್ದರು. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಅವರು, ಬುದ್ಧಿಶಕ್ತಿಗೆ ಕುಂದಿಲ್ಲದಿದ್ದರೂ ತಮ್ಮನ್ನು ತಾವು ಹಿಡಿತದಲ್ಲಿಟ್ಟುಕೊಳ್ಳಲಾಗದ ಮಕ್ಕಳ ಬಗ್ಗೆ ವೈದ್ಯರ ಸಭೆಯಲ್ಲಿ ಉಪನ್ಯಾಸಗಳನ್ನು ನೀಡಿದರು. ಈಗಿನ ಹೆಸರು ಬಳಕೆಗೆ ಬಂದದ್ದು 1987ರಲ್ಲಿ. ಲೋಕದ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ನೂರು ಮಕ್ಕಳಲ್ಲಿ ಸುಮಾರು ಐವರಿಗೆ ಈ ತೊಂದರೆ ಇರುವುದು ತಿಳಿದುಬಂದಿದೆ. ಅಂದರೆ ನಲವತ್ತು ಮಕ್ಕಳ ಒಂದು ತರಗತಿಯಲ್ಲಿ ಒಬ್ಬಿಬ್ಬರು. ಇದು ಪಟ್ಟಣದವರ ಕಾಯಿಲೆಯಲ್ಲ, ಹಣವಂತರ ನೆಪವೂ ಅಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಪ್ರತಿಯೊಂದು ದೊಡ್ಡ ಶಾಲೆಯಲ್ಲಿಯೂ ಇಂತಹ ಮಕ್ಕಳು ಇದ್ದೇ ಇರುತ್ತಾರೆ. ಅವರನ್ನು ಗುರುತಿಸುವವರು ಮಾತ್ರ ಕಡಿಮೆ.

ಹೆತ್ತವರು ಮುಖ್ಯವಾಗಿ ತಿಳಿಯಬೇಕಾದದ್ದು, ಇದು ಮನಸ್ಸಿಲ್ಲದ ತೊಂದರೆಯಲ್ಲ, ಹಿಡಿತವಿಲ್ಲದ ತೊಂದರೆ ಎಂಬುದು. ಎತ್ತು ಬಲವಾಗಿದೆ, ಗಾಡಿಯೂ ಗಟ್ಟಿಯಾಗಿದೆ. ಮೂಗುದಾರ ಮಾತ್ರ ಸಡಿಲ. ಒಂದು ಆಸೆ ಹುಟ್ಟುವುದಕ್ಕೂ ಕೈ ಮುಂದಕ್ಕೆ ಹೋಗುವುದಕ್ಕೂ ನಡುವೆ ‘ತಡೆ’ ಎನ್ನುವ ಒಂದು ಕ್ಷಣ ನಮ್ಮೆಲ್ಲರಲ್ಲೂ ಇರುತ್ತದೆ. ಈ ಮಕ್ಕಳಲ್ಲಿ ಆ ಕ್ಷಣ ಬಹಳ ಚಿಕ್ಕದು. 2007ರಲ್ಲಿ ಅಮೆರಿಕದ ಸಂಶೋಧಕರು ಮೆದುಳಿನ ಚಿತ್ರಗಳನ್ನು ಹೋಲಿಸಿ ನೋಡಿದಾಗ, ಸಾಮಾನ್ಯ ಮಕ್ಕಳಲ್ಲಿ ಸುಮಾರು ಏಳೂವರೆ ವರ್ಷಕ್ಕೆ ಬರುವ ಮೆದುಳಿನ ಹೊರಪದರದ ಬೆಳವಣಿಗೆಯ ಒಂದು ಹಂತವು ಈ ಮಕ್ಕಳಲ್ಲಿ ಸುಮಾರು ಹತ್ತೂವರೆಗೆ ಬರುತ್ತದೆ ಎಂಬುದು ಕಂಡುಬಂತು. ಬೆಳವಣಿಗೆಯ ಕ್ರಮ ಅದೇ. ಕಾಲ ಮಾತ್ರ ತಡ. ಎಂಟು ವರ್ಷದ ಮಗುವಿನಿಂದ ಎಂಟು ವರ್ಷಕ್ಕೆ ತಕ್ಕ ಸಂಯಮವನ್ನು ನಿರೀಕ್ಷಿಸಿ ದಿನವೂ ಸೋಲುವ ತಂದೆತಾಯಿಯರು ಇದನ್ನು ತಿಳಿದರೆ ಅವರ ನಿರೀಕ್ಷೆಯೂ ಹದಕ್ಕೆ ಬರುತ್ತದೆ.

“ಟಿವಿ ಮುಂದೆ, ಮೊಬೈಲ್ ಮುಂದೆ ಗಂಟೆಗಟ್ಟಲೆ ಕೂರ್ತಾನಲ್ಲ, ಪುಸ್ತಕದ ಮುಂದೆ ಮಾತ್ರ ಯಾಕೆ ಆಗಲ್ಲ?” ಎಂದು ಆ ತಂದೆ ಕೇಳಿದರು. ಬಹಳ ಮಂದಿ ಕೇಳುವ ಪ್ರಶ್ನೆ ಇದು. ಮೊಬೈಲಿನ ಆಟ ಕ್ಷಣಕ್ಷಣಕ್ಕೂ ಹೊಸದನ್ನು ತೋರಿಸಿ ಕ್ಷಣಕ್ಷಣಕ್ಕೂ ಬಹುಮಾನ ಕೊಡುತ್ತದೆ. ಅಲ್ಲಿ ಗಮನವನ್ನು ಮಗು ಕೊಡುವುದಲ್ಲ, ಆಟವೇ ಅದನ್ನು ಎಳೆದುಕೊಳ್ಳುತ್ತದೆ. ಮಗ್ಗಿ ಬರೆಯುವಾಗ ಗಮನವನ್ನು ಒಳಗಿನಿಂದಲೇ ಹೊರಡಿಸಬೇಕು. ಕೊರತೆ ಇರುವುದು ಅಲ್ಲಿ. ಆದ್ದರಿಂದ ‘ಬೇಕಾದಾಗ ಗಮನ ಬರುತ್ತದೆ, ಬೇಡವಾದಾಗ ಬರುವುದಿಲ್ಲ, ಇದೆಲ್ಲ ನಾಟಕ’ ಎಂಬ ಮಾತು ನ್ಯಾಯವಲ್ಲ.

ಹಾಗಾದರೆ ತಪ್ಪು ಯಾರದು? ಈ ಪ್ರಶ್ನೆ ಎಲ್ಲ ಮನೆಗಳಲ್ಲಿಯೂ ಏಳುತ್ತದೆ, ಮತ್ತು ಬಹುಪಾಲು ಮನೆಗಳಲ್ಲಿ ಅದರ ಉತ್ತರ ತಾಯಿಯ ತಲೆಯ ಮೇಲೆ ಬಂದು ಕೂರುತ್ತದೆ. ಬಸಿರಿಯಾಗಿದ್ದಾಗ ಗ್ರಹಣ ನೋಡಿದಳು, ಮಗುವನ್ನು ಮುದ್ದುಮಾಡಿ ಕೆಡಿಸಿದಳು, ತವರಿನವರ ಗುಣ ಬಂದಿದೆ, ಹೀಗೆ. ಆ ತಾಯಿಯೂ ಇವೆಲ್ಲವನ್ನೂ ಕೇಳಿಸಿಕೊಂಡಿದ್ದರು. ದೃಷ್ಟಿ ತೆಗೆದದ್ದಾಯಿತು, ತಾಯತ ಕಟ್ಟಿಸಿದ್ದಾಯಿತು, ಹರಕೆ ಹೊತ್ತದ್ದಾಯಿತು. ಯೊವಾನ್ನನ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರು, ಇದು ಯಾರ ಪಾಪದ ಫಲ, ಇವನದೋ ಇವನ ಹೆತ್ತವರದೋ ಎಂದು ಕೇಳುತ್ತಾರೆ. ಇವನದೂ ಅಲ್ಲ, ಹೆತ್ತವರದೂ ಅಲ್ಲ ಎಂಬುದು ಯೇಸುಸ್ವಾಮಿಯ ಸ್ಪಷ್ಟ ಉತ್ತರ. ತಪ್ಪಿತಸ್ಥರನ್ನು ಹುಡುಕುವ ಆ ಹಳೆಯ ಚಟ ಎರಡು ಸಾವಿರ ವರ್ಷಗಳ ಮೇಲೂ ನಮ್ಮನ್ನು ಬಿಟ್ಟಿಲ್ಲ.

ವಿಜ್ಞಾನ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಎತ್ತರದ ಹಾಗೆ ಈ ಗುಣವೂ ಬಹುಮಟ್ಟಿಗೆ ವಂಶದಲ್ಲಿ ಹರಿದು ಬರುತ್ತದೆ. ಅವಧಿಗೆ ಮುನ್ನ ಹುಟ್ಟಿದ, ತೂಕ ಕಡಿಮೆಯಿದ್ದ ಮಕ್ಕಳಲ್ಲಿ ಸ್ವಲ್ಪ ಹೆಚ್ಚು. ಸಕ್ಕರೆ, ಸಿಹಿತಿಂಡಿಗಳಿಂದ ಇದು ಹುಟ್ಟುವುದಿಲ್ಲ. ಪ್ರೀತಿ ಹೆಚ್ಚಾದ್ದರಿಂದಲೂ ಅಲ್ಲ, ಹೊಡೆತ ಕಡಿಮೆಯಾದ್ದರಿಂದಲೂ ಅಲ್ಲ. ಆ ಮನೆಗೆ ನಾನು ಒಮ್ಮೆ ಹೋಗಿದ್ದಾಗ ಈ ಮಾತು ಬಂತು. ಜಗಲಿಯಲ್ಲಿ ಕಡಲೆಕಾಯಿ ಸುಲಿಯುತ್ತ ಕುಳಿತಿದ್ದ ಅಜ್ಜಿ ತಲೆಯೆತ್ತದೆಯೇ ಹೇಳಿದರು: “ಇವರಪ್ಪನೂ ಹಿಂಗೇ ಇದ್ದ ಕಣ್ ಸ್ವಾಮಿ. ಎಷ್ಟ್ ಹೊಡೆದ್ರೂ ಒಂದ್ ಕಡೆ ಕೂರ್ತಿರ್ಲಿಲ್ಲ. ನಾಲ್ಕನೇ ಕ್ಲಾಸಿಗೇ ಇಸ್ಕೂಲು ಬಿಟ್ಟು ಕುರಿ ಹಿಂದೆ ಹೋದ.” ಆ ತಂದೆ ಏನೂ ಮಾತನಾಡಲಿಲ್ಲ. ಸ್ವಲ್ಪ ಹೊತ್ತಿನ ಬಳಿಕ, ತಾವು ಶಾಲೆ ಬಿಟ್ಟದ್ದು ಮೇಷ್ಟರ ಬೆತ್ತಕ್ಕೆ ಹೆದರಿ ಎಂದು ಮೆಲ್ಲಗೆ ಹೇಳಿದರು. ಹಾಸ್ಟೆಲಿನ ಪತ್ರವನ್ನು ಅವರು ಮತ್ತೆ ಕೇಳಲಿಲ್ಲ.

ಆದರೆ ಚುರುಕಾದ ಮಗುವೆಲ್ಲ ಎ.ಡಿ.ಎಚ್.ಡಿ. ಮಗುವಲ್ಲ ಎಂಬ ಎಚ್ಚರವೂ ಬೇಕು. ಲಕ್ಷಣಗಳು ಹನ್ನೆರಡನೆಯ ವಯಸ್ಸಿಗೆ ಮೊದಲೇ ಕಾಣಿಸಿಕೊಂಡಿರಬೇಕು, ಆರು ತಿಂಗಳಾದರೂ ಬಿಡದೆ ಇರಬೇಕು, ಮನೆ, ಶಾಲೆ ಹೀಗೆ ಒಂದಕ್ಕಿಂತ ಹೆಚ್ಚು ಕಡೆ ತೋರಬೇಕು, ಮಗುವಿನ ಕಲಿಕೆಗೂ ಒಡನಾಟಕ್ಕೂ ಅಡ್ಡಿಯಾಗುವಷ್ಟಿರಬೇಕು. ಕಿವಿ ಸರಿಯಾಗಿ ಕೇಳಿಸದ ಮಗು, ಕಪ್ಪುಹಲಗೆ ಮಸುಕಾಗಿ ಕಾಣುವ ಮಗು, ನಿದ್ದೆಗೆಟ್ಟ ಮಗು, ಓದಲು ಅಕ್ಷರಗಳೇ ಕೂಡಿಬರದ ಮಗು, ಇವರೂ ತರಗತಿಯಲ್ಲಿ ಚಡಪಡಿಸುತ್ತಾರೆ. ಬರದ ವರ್ಷಗಳಲ್ಲಿ ತಂದೆತಾಯಿ ಕೂಲಿಗೆಂದು ಬೆಂಗಳೂರಿಗೆ ಹೋಗಿ ಅಜ್ಜಿಯ ಬಳಿ ಉಳಿದ ಮಗು, ಕುಡಿತದ ಗಲಾಟೆಯ ಮನೆಯ ಮಗು, ಅವರ ಚಡಪಡಿಕೆಗೆ ಕಾರಣ ಬೇರೆ, ಪರಿಹಾರವೂ ಬೇರೆ. ಇದನ್ನು ವಿಂಗಡಿಸಬಲ್ಲವರು ತಜ್ಞರು ಮಾತ್ರ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ಅವರಲ್ಲಿ ಹಲವರು ಓಡಾಡುವುದಿಲ್ಲ, ಗಲಾಟೆ ಮಾಡುವುದಿಲ್ಲ. ಕಿಟಕಿಯಾಚೆ ನೋಡುತ್ತ ಸುಮ್ಮನೆ ಕುಳಿತಿರುತ್ತಾರೆ. ಯಾರಿಗೂ ತೊಂದರೆ ಕೊಡದ ಕಾರಣ ಯಾರೂ ಅವರನ್ನು ವೈದ್ಯರ ಬಳಿಗೆ ಒಯ್ಯುವುದಿಲ್ಲ. ‘ಮಂಕು’ ಎಂಬ ಹೆಸರು ಹೊತ್ತು ಅವರು ಶಾಲೆ ಮುಗಿಸುತ್ತಾರೆ.

ಆ ದಂಪತಿಗಳು ಮೊದಲು ತುಮಕೂರಿನ ಜಿಲ್ಲಾ ಆಸ್ಪತ್ರೆಗೆ, ಅಲ್ಲಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದರು. ಬೆಳಗಿನ ಜಾವದ ಬಸ್ಸು ಹಿಡಿಯಬೇಕು, ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನಲ್ಲಿ ಆ ಮಗುವನ್ನು ಹಿಡಿದು ಕೂರಿಸುವುದೇ ಒಂದು ಸಾಹಸ. ಆದರೂ ಹೋದರು. ಕಣ್ಣು, ಕಿವಿಗಳ ಪರೀಕ್ಷೆ ನಡೆಯಿತು. ವೈದ್ಯರು ಶಾಲೆಯ ಪುಸ್ತಕಗಳನ್ನು ತರಿಸಿ ನೋಡಿದರು, ಶಿಕ್ಷಕಿ ಬರೆದುಕೊಟ್ಟ ಚೀಟಿಯನ್ನು ಓದಿದರು, ಹುಟ್ಟಿದಂದಿನಿಂದ ನಡೆದದ್ದೆಲ್ಲವನ್ನೂ ಕೇಳಿದರು. ರಕ್ತಪರೀಕ್ಷೆಯಿಂದಾಗಲಿ ಮೆದುಳಿನ ಸ್ಕ್ಯಾನಿನಿಂದಾಗಲಿ ಪತ್ತೆಯಾಗುವ ತೊಂದರೆಯಲ್ಲ ಇದು; ಮಗುವಿನ ಕಥೆಯನ್ನು ಸಾವಧಾನವಾಗಿ ಕೇಳುವುದರಿಂದಲೇ ತಿಳಿಯುವಂಥದ್ದು. ಆ ತಾಯಿ ಹಿಂದಿರುಗಿ ಬಂದು ಹೇಳಿದ ಮೊದಲ ಮಾತು ಚಿಕಿತ್ಸೆಯ ಬಗ್ಗೆ ಇರಲಿಲ್ಲ. “ನಿಮ್ಮ ತಪ್ಪಲ್ಲ ಅಂತ ಡಾಕ್ಟ್ರು ಇವರ ಮುಂದೇನೇ ಹೇಳಿದ್ರು ಫಾದರ್” ಎಂದರು.

ಇನ್ನು ಮನೆಯಲ್ಲಿ ಮಾಡಬೇಕಾದದ್ದು. ವೈದ್ಯರು ಕಲಿಸಿದ್ದನ್ನು ಆ ತಾಯಿ ತಮ್ಮ ಮನೆಗೆ ಹೊಂದಿಸಿಕೊಂಡ ಬಗೆಯನ್ನು ಇಲ್ಲಿ ಹೇಳಿದರೆ ಬೇರೆಯವರಿಗೂ ಉಪಯೋಗವಾದೀತು. ಮೊದಲನೆಯದು, ದೂರದಿಂದ ಕೂಗುವುದನ್ನು ಅವರು ನಿಲ್ಲಿಸಿದರು. ‘ಕೈಕಾಲು ತೊಳ್ಕೊ, ಬಟ್ಟೆ ಬದಲಾಯಿಸು, ಹಾಲು ಕುಡಿ, ಓದೋಕೆ ಕೂತ್ಕೊ’ ಎಂದು ಒಂದೇ ಉಸಿರಿಗೆ ಹೇಳಿದರೆ ಈ ಮಕ್ಕಳ ತಲೆಯಲ್ಲಿ ಕೊನೆಯದೊಂದು ಉಳಿದರೆ ಹೆಚ್ಚು. ಅವರು ಹತ್ತಿರ ಹೋಗಿ, ಭುಜ ಮುಟ್ಟಿ, ಕಣ್ಣಿಗೆ ಕಣ್ಣು ಕೂಡಿಸಿ, ಒಂದು ಬಾರಿಗೆ ಒಂದೇ ಕೆಲಸ ಹೇಳತೊಡಗಿದರು. ಅದು ಮುಗಿದ ಮೇಲೆ ಇನ್ನೊಂದು. ಎರಡನೆಯದು, ಪ್ರತಿಯೊಂದಕ್ಕೂ ಒಂದು ಜಾಗ, ಒಂದು ಹೊತ್ತು. ಚೀಲಕ್ಕೆ ಬಾಗಿಲ ಪಕ್ಕದ ಗೂಟ, ಚಪ್ಪಲಿಗೆ ಮೆಟ್ಟಿಲ ಬದಿ. ಏಳುವ, ಉಣ್ಣುವ, ಆಡುವ, ಮಲಗುವ ಹೊತ್ತುಗಳು ಭಾನುವಾರವೂ ಬದಲಾಗಲಿಲ್ಲ. ತನ್ನೊಳಗೆ ಹಿಡಿತವಿಲ್ಲದ ಮಗುವಿಗೆ ಹೊರಗಿನ ಕ್ರಮವೇ ಊರುಗೋಲು.

ಮೂರನೆಯದು ಬಹುಮಾನ. ಪರೀಕ್ಷೆಯಲ್ಲಿ ಪಾಸಾದರೆ ಸೈಕಲ್ ಕೊಡಿಸುತ್ತೇನೆ ಎಂಬ ಆಸೆ ಈ ಮಕ್ಕಳ ಮೇಲೆ ಕೆಲಸ ಮಾಡುವುದಿಲ್ಲ. ಮಾರ್ಚ್ ತಿಂಗಳು ಅವರಿಗೆ ಬಹಳ ದೂರ. ಬಹುಮಾನ ಚಿಕ್ಕದಿರಬೇಕು, ಆಗಿಂದಾಗಲೇ ಸಿಗಬೇಕು. ಆ ತಾಯಿ ಹುಣಸೆ ಬೀಜಗಳನ್ನು ತೊಳೆದು ಒಂದು ಡಬ್ಬಿಯಲ್ಲಿಟ್ಟರು. ಹೇಳಿದ ಕೆಲಸವನ್ನು ಒಂದೇ ಮಾತಿಗೆ ಮಾಡಿದರೆ ಒಂದು ಬೀಜ. ಚೀಲವನ್ನು ಗೂಟಕ್ಕೆ ಹಾಕಿದರೆ ಒಂದು. ಎದ್ದು ಓಡದೆ ಊಟ ಮುಗಿಸಿದರೆ ಎರಡು. ಹತ್ತು ಬೀಜವಾದರೆ ಸಂಜೆ ಅಪ್ಪನೊಡನೆ ಗಾಡಿಯಲ್ಲಿ ಒಂದು ಸುತ್ತು. ಬಹುಮಾನಕ್ಕೆ ಹಣ ಬೇಕಿಲ್ಲ, ಅಪ್ಪನ ಅರ್ಧ ಗಂಟೆ ಸಾಕು. ಗಳಿಸಿದ ಬೀಜವನ್ನು ಸಿಟ್ಟಿನಲ್ಲಿ ಕಸಿದುಕೊಳ್ಳಬಾರದು ಎಂಬುದೊಂದು ನಿಯಮ. ಮೂರು ವಾರಕ್ಕೆ ಹುಡುಗನಿಗೆ ಬೀಜದ ಆಟ ಬೇಸರ ತರಿಸಿತು. ಆಗ ಬೀಜಗಳ ಬದಲು ಗೋಡೆಯ ಕ್ಯಾಲೆಂಡರಿನಲ್ಲಿ ಚುಕ್ಕಿಗಳು ಬಂದವು. ಹೊಸತನವಿಲ್ಲದೆ ಈ ಮಕ್ಕಳಲ್ಲಿ ಯಾವ ಉಪಾಯವೂ ಬಹುಕಾಲ ನಡೆಯುವುದಿಲ್ಲ. ಉಪಾಯ ಸೋತಿತೆಂದು ಕೈಚೆಲ್ಲದೆ ಅದರ ವೇಷ ಬದಲಿಸಬೇಕು.

ನಾಲ್ಕನೆಯದು ಓದು. ಒಂದು ಗಂಟೆ ಕೂರಿಸುವ ಹಟ ಬಿಟ್ಟು ಹತ್ತು ನಿಮಿಷದ ತುಂಡುಗಳಾಗಿ ಮಾಡಿಕೊಂಡರು. ಹತ್ತು ನಿಮಿಷ ಲೆಕ್ಕ, ಆಮೇಲೆ ತೊಟ್ಟಿಯಿಂದ ಒಂದು ಕೊಡ ನೀರು. ಮತ್ತೆ ಹತ್ತು ನಿಮಿಷ ಕನ್ನಡ, ಆಮೇಲೆ ಮೇಕೆಗಳಿಗೆ ಸೊಪ್ಪು. ದೇಹ ಓಡಾಡಿದ ಮೇಲೆ ಮನಸ್ಸು ಸ್ವಲ್ಪ ನಿಲ್ಲುತ್ತದೆ. ಬಯಲೂ ಗುಡ್ಡವೂ ಇರುವ ನಮ್ಮ ಸೀಮೆಯ ಮಕ್ಕಳಿಗೆ ಪಟ್ಟಣದ ಮಕ್ಕಳಿಗಿಲ್ಲದ ಈ ಒಂದು ಅನುಕೂಲವಿದೆ. ಮೊಬೈಲು ಮಾತ್ರ ಮಲಗುವ ಹೊತ್ತಿಗೆ ಕೈಯಲ್ಲಿರಬಾರದು; ನಿದ್ದೆ ಕೆಟ್ಟರೆ ಮರುದಿನದ ಚಡಪಡಿಕೆ ಇಮ್ಮಡಿ.

ಇವೆಲ್ಲಕ್ಕೂ ಅಡಿಪಾಯ ಒಂದಿದೆ, ಅದು ಮನೆಯವರ ಒಮ್ಮತ. ತಾಯಿ ‘ಬೇಡ’ ಎಂದದ್ದನ್ನು ಅಜ್ಜಿ ಸೆರಗಿನ ಮರೆಯಲ್ಲಿ ಕೊಟ್ಟರೆ, ತಾಯಿ ತಾಳ್ಮೆಯಿಂದ ಕಟ್ಟಿದ್ದನ್ನು ತಂದೆ ಒಂದು ಏಟಿನಲ್ಲಿ ಕೆಡವಿದರೆ, ಮಗು ಕಲಿಯುವುದು ಯಾರ ಬಳಿ ಹೇಗೆ ನಡೆದುಕೊಳ್ಳಬೇಕೆಂಬ ಉಪಾಯವನ್ನು ಮಾತ್ರ. ಆ ಮನೆಯಲ್ಲಿ ಕೊನೆಗೆ ಬೀಜ ಎಣಿಸಿ ಕೊಡುವ ಕೆಲಸವನ್ನು ಅಜ್ಜಿಗೇ ವಹಿಸಿದರು. ನ್ಯಾಯಾಧೀಶರ ಸ್ಥಾನ ಸಿಕ್ಕ ಮೇಲೆ ಅಜ್ಜಿ ಕಟ್ಟುನಿಟ್ಟಾದರು. ಇಂತಹ ಮನೆಗಳಲ್ಲಿ ಇನ್ನೊಂದು ಮಗು ಮರೆತುಹೋಗುತ್ತದೆ ಎಂಬುದನ್ನೂ ಹೇಳಲೇಬೇಕು. ತಮ್ಮನ ಚೀಲ ಹುಡುಕುವುದು, ತಮ್ಮನನ್ನು ಕಾಯುವುದು, ತಮ್ಮ ಹರಿದ ಪುಸ್ತಕಕ್ಕೆ ಸುಮ್ಮನಿರುವುದು, ಇದೇ ಆ ಅಕ್ಕನ ಬಾಲ್ಯವಾಗಿತ್ತು. ‘ಜಾಣೆ, ಅವಳಿಗೇನೂ ಬೇಡ’ ಎಂಬ ಹೊಗಳಿಕೆ ಕೆಲವೊಮ್ಮೆ ಅನ್ಯಾಯದ ಇನ್ನೊಂದು ಹೆಸರು. ವಾರಕ್ಕೊಂದು ಸಂಜೆಯಾದರೂ ಅವಳಿಗಾಗಿಯೇ ಮೀಸಲಿರಲಿ.

ಔಷಧದ ಬಗ್ಗೆ ಜನರಲ್ಲಿ ದೊಡ್ಡ ಅಂಜಿಕೆಯಿದೆ. ‘ಮತ್ತಿನ ಮಾತ್ರೆ ಕೊಟ್ಟು ಮಲಗಿಸುತ್ತಾರೆ’, ‘ಚಟ ಹತ್ತುತ್ತದೆ’ ಎನ್ನುತ್ತಾರೆ. ಇದಕ್ಕೆ ಹೆಚ್ಚಾಗಿ ಬಳಸುವ ಮೀಥೈಲ್‌ಫೆನಿಡೇಟ್ ಮಲಗಿಸುವ ಔಷಧವಲ್ಲ. ಮೆದುಳಿನಲ್ಲಿ ಹಿಡಿತಕ್ಕೆ ಬೇಕಾದ ರಾಸಾಯನಿಕಗಳ ಕೆಲಸವನ್ನು ಚುರುಕುಗೊಳಿಸುವಂಥದ್ದು. ಉತ್ತೇಜಕ ಔಷಧದಿಂದ ಇಂತಹ ಮಕ್ಕಳು ಶಾಂತರಾಗುತ್ತಾರೆಂಬ ಸಂಗತಿಯನ್ನು 1937ರಲ್ಲಿಯೇ ಅಮೆರಿಕದ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯರು ಪ್ರಕಟಿಸಿದ್ದರು. ಮೀಥೈಲ್‌ಫೆನಿಡೇಟ್ ನಮ್ಮ ದೇಶದ ಕಾನೂನಿನಲ್ಲಿ ಅನುಸೂಚಿ ಎಕ್ಸ್‌ಗೆ ಸೇರಿದೆ; ಎರಡು ಪ್ರತಿಗಳ ಚೀಟಿಯಿಲ್ಲದೆ ಅಂಗಡಿಯವರು ಕೊಡುವಂತಿಲ್ಲ. ಅಷ್ಟು ಬಿಗಿಯಿರುವುದು ದುರುಪಯೋಗ ತಡೆಯಲೆಂದೇ ಹೊರತು, ವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಡುವುದು ಅಪಾಯವೆಂದಲ್ಲ. ಹಸಿವು ಕಡಿಮೆಯಾಗುವುದು, ನಿದ್ದೆ ತಡವಾಗುವುದು ಉಂಟು. ಆದ್ದರಿಂದ ತೂಕ, ಎತ್ತರ, ನಾಡಿಬಡಿತಗಳನ್ನು ಆಗಾಗ ನೋಡಿಸಬೇಕು. ಎಲ್ಲ ಮಕ್ಕಳಿಗೂ ಮಾತ್ರೆ ಬೇಕೆಂದಿಲ್ಲ. ಆರು ವರ್ಷದೊಳಗಿನ ಮಕ್ಕಳಿಗೆ ಮೊದಲ ಚಿಕಿತ್ಸೆ ತಂದೆತಾಯಿಯರಿಗೆ ಕೊಡುವ ತರಬೇತಿಯೇ. ತಾವೇ ಆರಂಭಿಸುವುದೂ ತಾವೇ ನಿಲ್ಲಿಸುವುದೂ ಎರಡೂ ತಪ್ಪು. ಆ ಹುಡುಗನಿಗೆ ಕೆಲವು ವರ್ಷ ಮಾತ್ರೆ ನಡೆಯಿತು. ಅದರ ಫಲವನ್ನು ಕುರಿತು ಅವನೇ ಅಕ್ಕನಿಗೆ ಹೇಳಿದ್ದು: “ಈಗ ಮಿಸ್ ಹೇಳಿದ್ದು ಪೂರ್ತಿ ಕೇಳಿಸ್ತದೆ.”

ಶಾಲೆಯ ಸಹಕಾರವಿಲ್ಲದೆ ಮನೆಯ ಶ್ರಮ ಅರ್ಧವೇ. ‘ದಂಡಂ ದಶಗುಣಂ’ ಎಂಬ ನಂಬಿಕೆ ಇನ್ನೂ ಹಲವರಲ್ಲಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕಾಯಿದೆಗಿಂತ ಬಹಳ ಹಿಂದೆ, 1877ರಲ್ಲಿ, ಸಂತ ಜಾನ್ ಬೋಸ್ಕೊ ಅವರು ಬೀದಿಯ ಹುಡುಗರೊಡನೆ ದುಡಿದ ಅನುಭವದಿಂದ, ತಪ್ಪು ನಡೆದ ಮೇಲೆ ದಂಡಿಸುವುದಕ್ಕಿಂತ ನಡೆಯದಂತೆ ಪ್ರೀತಿಯಿಂದ ಜೊತೆಗಿರುವುದೇ ಶಿಕ್ಷಣವೆಂದು ಬರೆದಿದ್ದರು. ಶಿಕ್ಷಕರು ಮಾಡಬಹುದಾದ ಕೆಲಸಗಳು ಸರಳ. ಮಗುವನ್ನು ಕಿಟಕಿ, ಬಾಗಿಲುಗಳಿಂದ ದೂರ, ಮುಂದಿನ ಸಾಲಿನಲ್ಲಿ ಕೂರಿಸುವುದು. ಸೀಮೆಸುಣ್ಣ ತರಲು, ಗಂಟೆ ಬಾರಿಸಲು ಅವನನ್ನೇ ಕಳಿಸುವುದು. ಹತ್ತು ಲೆಕ್ಕದ ಬದಲು ಐದನ್ನು ಕೊಟ್ಟು ಐದನ್ನೂ ಮುಗಿಸುವಂತೆ ಮಾಡುವುದು. ಆ ಹುಡುಗನ ಶಿಕ್ಷಕಿ ಅವನಿಗೆ ಶಾಲೆಯ ಗಿಡಗಳಿಗೆ ನೀರೆರೆಯುವ ಜವಾಬ್ದಾರಿ ವಹಿಸಿದರು. ಇಂತಹ ಮಕ್ಕಳಲ್ಲಿ ಕೆಲವರಿಗೆ ಓದುಬರಹದ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಜೊತೆಗಿರುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 21 ನ್ಯೂನತೆಗಳಲ್ಲಿ ಇದೂ ಸೇರಿದೆ, ಪ್ರಮಾಣಪತ್ರವಿದ್ದರೆ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂತಹ ರಿಯಾಯಿತಿಗಳು ದೊರೆಯುತ್ತವೆ.

ಸಹಾಯ ಎಲ್ಲಿ ಸಿಗುತ್ತದೆ ಎಂಬುದು ತಿಳಿಯದೆ ವರ್ಷಗಳು ಕಳೆಯುತ್ತವೆ. ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯತಂಡ ಗಮನಿಸಬೇಕಾದ ತೊಂದರೆಗಳಲ್ಲಿ ಎ.ಡಿ.ಎಚ್.ಡಿ.ಯೂ ಒಂದು, ತಂಡ ಬಂದ ದಿನ ನಿಮ್ಮ ಸಂಶಯವನ್ನು ಹೇಳಿ. ‘ಮನೋಚೈತನ್ಯ’ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನವನ್ನು ವಿಚಾರಿಸಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಬಳಲಿ ಹೋದ ತಾಯಿ ತನ್ನ ಸಂಕಟ ಹೇಳಿಕೊಳ್ಳುವುದಕ್ಕೂ ಆ ಸಂಖ್ಯೆ ಉಪಯೋಗಕ್ಕೆ ಬರುತ್ತದೆ.

ನಮ್ಮ ಧರ್ಮಕೇಂದ್ರದ ಕುಟುಂಬಗಳಲ್ಲಿ ಒಂದು ವಿನಂತಿ. ಭಾನುವಾರದ ಬಲಿಪೂಜೆಯಲ್ಲಿ ಒಂದು ಮಗು ಬೆಂಚುಗಳ ನಡುವೆ ಓಡಿದಾಗ ನೂರು ತಲೆಗಳು ಹಿಂದಕ್ಕೆ ತಿರುಗುತ್ತವೆ. ಆ ನೋಟಗಳು ಮಗುವನ್ನು ತಲುಪುವುದಿಲ್ಲ. ಅವೆಲ್ಲ ತಾಯಿಗೆ ನಾಟುತ್ತವೆ. ಎರಡು ಭಾನುವಾರ ಸಹಿಸಿಕೊಂಡು ಮೂರನೆಯ ಭಾನುವಾರದಿಂದ ಆಕೆ ಬರುವುದನ್ನೇ ಬಿಡುತ್ತಾಳೆ. ಮದುವೆಗೆ, ನಾಮಕರಣಕ್ಕೆ, ಹಬ್ಬಕ್ಕೆ ಹೋಗುವುದನ್ನು ಅವಳು ಅದಕ್ಕೂ ಮೊದಲೇ ಬಿಟ್ಟಿರುತ್ತಾಳೆ. ತಿರುಗಿ ನೋಡುವ ಬದಲು ಯಾರಾದರೂ ಒಬ್ಬರು ಎದ್ದು, ‘ಕೊಡಮ್ಮ, ಸ್ವಲ್ಪ ಹೊತ್ತು ನಾನು ಹೊರಗೆ ಆಡಿಸುತ್ತೇನೆ’ ಎಂದರೆ ಅದೂ ಆರಾಧನೆಯೇ. ಕಾಣಿಕೆ ಬುಟ್ಟಿ ಹಿಡಿಯಲು, ಮೇಣದಬತ್ತಿ ಒಯ್ಯಲು ಇಂತಹ ಮಕ್ಕಳನ್ನು ಕರೆಯಿರಿ. ಹದಿನೇಳನೆಯ ಶತಮಾನದ ಕುಪರ್ಟಿನೊದ ಸಂತ ಜೋಸೆಫರು ಬಾಲ್ಯದಲ್ಲಿ ಬಾಯಿ ತೆರೆದು ಎತ್ತಲೋ ನೋಡುತ್ತಿದ್ದವರು. ಮಠ ಸೇರಿದಾಗ ಪಾತ್ರೆಗಳನ್ನು ಬೀಳಿಸಿ ಒಡೆಯುತ್ತಾರೆಂದು ಹೊರಹಾಕಲ್ಪಟ್ಟವರು. ಅವರಿಗಿದ್ದ ತೊಂದರೆ ಇದೇ ಎಂದು ಇಷ್ಟು ದೂರದಿಂದ ಯಾರೂ ನಿರ್ಣಯಿಸಲಾರರು. ಆದರೆ ಅವರನ್ನು ಪರೀಕ್ಷೆ ಬರೆಯುವ ವಿದ್ಯಾರ್ಥಿಗಳ ಪಾಲಕರೆಂದು ಧರ್ಮಸಭೆ ಇಂದು ಗೌರವಿಸುತ್ತದೆ.

ಬರಗೂರಿನ ಕಡೆಯ ಆ ಹುಡುಗ ತರಗತಿಗೆ ಮೊದಲಿಗನಾಗಲಿಲ್ಲ. ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತದಲ್ಲಿ ನಪಾಸಾಗಿ ಎರಡನೆಯ ಸಲಕ್ಕೆ ಪಾಸಾದ. ಈಗ ಐ.ಟಿ.ಐ.ಯಲ್ಲಿ ವಿದ್ಯುತ್ ಕೆಲಸ ಕಲಿಯುತ್ತಿದ್ದಾನೆ. ರಜೆಯಲ್ಲಿ ಸುತ್ತಲ ಹೊಲಗಳ ಮೋಟಾರು, ಸ್ಟಾರ್ಟರುಗಳನ್ನು ರಿಪೇರಿ ಮಾಡುತ್ತಾನೆ. ಇಂದಿಗೂ ಅವನ ಉಪಕರಣದ ಚೀಲ ಯಾರದೋ ಹೊಲದಲ್ಲಿ ಉಳಿದುಬಿಡುತ್ತದೆ. ಈ ತೊಂದರೆ ಹಲವರಲ್ಲಿ ದೊಡ್ಡವರಾದ ಮೇಲೂ ಸ್ವಲ್ಪಮಟ್ಟಿಗೆ ಉಳಿಯುತ್ತದೆ; ‘ವಾಸಿಯಾಯಿತು’ ಎಂಬ ಮಾತಿಗಿಂತ ‘ನಿಭಾಯಿಸುವುದನ್ನು ಕಲಿತ’ ಎಂಬ ಮಾತು ಸತ್ಯಕ್ಕೆ ಹತ್ತಿರ. ಆದರೆ ಅವನು ತನ್ನನ್ನು ತಾನು ಕೆಟ್ಟವನೆಂದು ಎಣಿಸದೆ, ತನ್ನ ಮನೆಯಲ್ಲಿಯೇ ಬೆಳೆದ. ಹೊಡೆತ, ಹೀಯಾಳಿಕೆಗಳಲ್ಲಿ ಬೆಳೆದವರು ಕಳೆದುಕೊಳ್ಳುವುದು ಅಂಕಗಳನ್ನಲ್ಲ, ಈ ನಂಬಿಕೆಯನ್ನು.

ಹೆತ್ತವರೇ, ಇಂತಹ ಒಂದು ಮಗು ನಿಮ್ಮ ಮನೆಯಲ್ಲಿದ್ದರೆ ಇಂದು ಸಂಜೆ ಅದರ ತಪ್ಪುಗಳನ್ನು ಎಣಿಸಬೇಡಿ, ಅವು ಎಣಿಕೆಗೆ ಸಿಗುವುದಿಲ್ಲ. ಅದು ಸರಿಯಾಗಿ ಮಾಡಿದ ಒಂದು ಕೆಲಸವನ್ನು ಹುಡುಕಿ. ಚಪ್ಪಲಿಯನ್ನು ಜಾಗದಲ್ಲಿ ಬಿಟ್ಟಿದ್ದರೂ ಸಾಕು. ಮಲಗುವ ಮುನ್ನ ಅದನ್ನು ಮಗುವಿಗೆ ಹೇಳಿ. ಇಡೀ ದಿನ ‘ಬೇಡ, ಬಿಡು, ಸುಮ್ಮನಿರು’ ಎಂಬ ಮಾತುಗಳನ್ನೇ ಕೇಳಿದ ಕಿವಿಗೆ ನಿದ್ದೆಗೆ ಮುನ್ನ ಆ ಒಂದು ಮಾತು ಬೀಳಲಿ. ನಾಳೆ ಬೆಳಿಗ್ಗೆ ಎದ್ದು ಮತ್ತೆ ಓಡುವ ಆ ಕಾಲುಗಳ ಹಿಂದೆ ಓಡಲು ನಿಮಗೆ ಬೇಕಾದ ಬಲವನ್ನು ದೇವರು ಕೊಡಲಿ.